ಸುಬ್ಬರಾಯರ ಹುಸಿ ಆಹಾರ

ಸೂರತ್ತಿನಿಂದ ಮುಂಬಯಿಗೆ ಪಯಣಿಸುವ ನಮ್ಮ ವಾಚಕರು ವಲಸಾಡದ ಮುಂದೆ ಅತುಲ್ ನಿಲ್ದಾಣವನ್ನು ಕಂಡಿರಬಹುದು. ಅಹಮದಾಬಾದಿನ ಕಸ್ತೂರಭಾಯಿ ಲಾಲಭಾಯಿಯವರು ಅಮೆರಿಕನ್ ಸೈಯನಮಿಡ್ ಕಂಪನಿಯ ಸಹಕಾರದಿಂದ ಕಟ್ಟಿಸಿದ ಕಾರ್ಖಾನೆಯನ್ನು 1952ರಲ್ಲಿ ನೆಹರೂ ಅವರು ಉದ್ಘಾಟಿಸಿದ್ದು ಅಲ್ಲಿಯೇ. ಅದೇ ಸೈಯನಮಿಡ್ಡಿಗೆ ಸೇರಿದ್ದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದವರು ಡಾ. ಯಲ್ಲಾಪ್ರಗಡ ಸುಬ್ಬರಾಯರು.

1895ರಲ್ಲಿ ಆಂಧ್ರದ ಭೀಮವರಂನಲ್ಲಿ ಜನಿಸಿದ ಇವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ಬೇನೆಗೆ ಬಲಿಯಾದರು. ಮದರಾಸಿನ ವೈದ್ಯ ಕಾಲೇಜಿನಲ್ಲಿ ಇವರು ಖಾದಿ ತೊಟ್ಟುದು ಪ್ರಾಧ್ಯಾಪಕರಿಗೆ ರುಚಿಸದೆ ಪೂರ್ಣ ಪದವಿ ತಪ್ಪಿತು. 1923ರಲ್ಲಿ ಬಾಸ್ಟನ್ನಿಗೆ ತೆರಳಿ, ಹಗಲು ಹಾರ್ವರ್ಡಿನಲ್ಲಿ ಓದುತ್ತ, ರಾತ್ರಿ ಆಸ್ಪತ್ರೆಯಲ್ಲಿ ರೋಗಿಗಳ ಮಲಪಾತ್ರೆ ತೊಳೆದರು. ಲೋಟ ತೊಳೆದು ರಾತ್ರಿಶಾಲೆಗೆ ಓಡಿದ ನಮ್ಮವರಿಗೆ ಇದನ್ನು ನಾವು ವಿವರಿಸಬೇಕಾಗಿಲ್ಲ.

ಲೆಡರ್ಲೆಯಲ್ಲಿ ಇವರ ತಂಡ 1945ರಲ್ಲಿ, ಸೊಪ್ಪುಗಳಲ್ಲಿರುವ ಫೋಲಿಕ್ ಆಮ್ಲವೆಂಬ ಜೀವಸತ್ತ್ವವನ್ನು ಕೃತಕವಾಗಿ ತಯಾರಿಸಿತು. ಸೋದರರನ್ನು ಕೊಂದ ಬೇನೆಗೂ ಅದು ಮದ್ದಾಯಿತು. ಆದರೆ ರಕ್ತದ ಕ್ಯಾನ್ಸರ್ ಪೀಡಿತ ಮಕ್ಕಳಿಗೆ ಆ ಜಾತಿಯ ವಸ್ತುಗಳನ್ನು ಕೊಟ್ಟಾಗ ರೋಗ ಉಲ್ಬಣಿಸಿದಂತೆ ಬಾಸ್ಟನ್ನಿನ ಡಾ. ಸಿಡ್ನಿ ಫಾರ್ಬರರಿಗೆ ತೋರಿತು. ರೋಗಕೋಶವೂ ಇದೇ ಆಹಾರವನ್ನು ಬಯಸುವುದಾದರೆ, ಅದರ ವೇಷ ತೊಟ್ಟ ಹುಸಿ ಆಹಾರವನ್ನು ಉಣಿಸಿದರೇನು? ಸುಬ್ಬರಾಯರ ತಂಡ ಅಮಿನೋಪ್ಟೆರಿನ್ ಒದಗಿಸಿತು. ಜೀವಕೋಶವು ನಿಜವಾದುದೆಂದೇ ಅದನ್ನು ಒಳಕ್ಕೆ ಬಿಟ್ಟುಕೊಳ್ಳುತ್ತದೆ. ಒಳಹೊಕ್ಕ ಮದ್ದು ಅದರ ವಿಭಜನೆಯನ್ನೇ ತಡೆಯುತ್ತದೆ. ಆರೋಗ್ಯವಂತ ಕೋಶಗಳಿಗೂ ಪೆಟ್ಟು ತಪ್ಪದು.

1948ರಲ್ಲಿ ಪ್ರಕಟವಾದ ವರದಿಯಂತೆ 16 ಮಕ್ಕಳಲ್ಲಿ 10 ಮಂದಿ ಕೆಲಕಾಲ ಚೇತರಿಸಿಕೊಂಡಿದ್ದರು. ಅದೇ ಆಗಸ್ಟಿನಲ್ಲಿ ಸುಬ್ಬರಾಯರು 53ನೆಯ ವಯಸ್ಸಿನಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಅಮಿನೋಪ್ಟೆರಿನ್ನಿನ ಒಡಹುಟ್ಟಾದ ಮೆಥೊಟ್ರೆಕ್ಸೇಟನ್ನು ಇತರ ಔಷಧಗಳ ಜೊತೆಗೆ ಇಂದಿಗೂ ರಕ್ತದ ಕ್ಯಾನ್ಸರಿನ ಮಕ್ಕಳಿಗೆ ಕೊಡಲಾಗುತ್ತಿದೆ.