ತನ್ನನ್ನು ತಾನೇ ಪ್ರೇರಿಸಿಕೊಂಡ ವಿದ್ಯಾರ್ಥಿ: ಸರ್ ಎಂ. ವಿಶ್ವೇಶ್ವರಯ್ಯ

ವಿದ್ಯಾರ್ಜನೆಗೆ ಗುರುಕೃಪೆ, ಹಿರಿಯರ ಆಶ್ರಯ, ಗ್ರಂಥಗಳ ನೆರವು ಇವೆಲ್ಲವೂ ಅವಶ್ಯಕ. ಆದರೆ ಇವೆಲ್ಲ ದೊರೆತರೂ ಓದಬೇಕೆಂಬ ಹಂಬಲವು ದಿನವೂ ಒಂದೇ ಸಮನಾಗಿರುವುದಿಲ್ಲ. ಅದು ಕುಗ್ಗಿದಾಗ ವಿದ್ಯಾರ್ಥಿಯು ಏನನ್ನು ಆಶ್ರಯಿಸಬೇಕು? ಭಾರತರತ್ನ ಸರ್ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ವಿದ್ಯಾರ್ಥಿಜೀವನವು ಈ ಪ್ರಶ್ನೆಗೆ ಉತ್ತರವೆನ್ನಬಹುದು.

ಮುದ್ದೇನಹಳ್ಳಿಯಲ್ಲಿ ಸಂಸ್ಕೃತ ವಿದ್ವಾಂಸರಾದ ಶ್ರೀನಿವಾಸ ಶಾಸ್ತ್ರಿಗಳ ಪುತ್ರರಾಗಿ ಜನಿಸಿದ ಅವರು ಚಿಕ್ಕಬಳ್ಳಾಪುರದಲ್ಲಿ ಮೊದಲ ವಿದ್ಯಾಭ್ಯಾಸ ಪಡೆದರು. ಎಳೆಯ ವಯಸ್ಸಿನಲ್ಲಿಯೇ ಪಿತೃವಿಯೋಗವಾಯಿತು. ಬೆಂಗಳೂರಿನಲ್ಲಿ ಸೋದರಮಾವನ ಆಸರೆಯಿದ್ದರೂ ಸೆಂಟ್ರಲ್ ಕಾಲೇಜಿನ ವ್ಯಾಸಂಗದ ವೆಚ್ಚಕ್ಕೆ ಹಣವಿರಲಿಲ್ಲ. ಕೊಡಗಿನ ಮನೆತನವೊಂದರ ಮಕ್ಕಳಿಗೆ ಪಾಠ ಹೇಳುತ್ತ, ಅಲ್ಲಿಯೇ ತಂಗುತ್ತ, ಊಟಕ್ಕೆ ಸೋದರಮಾವನ ಮನೆಗೆ ನಡೆದು ಹೋಗುತ್ತ ಓದಿದರು. ಓದೆಂದು ಬೆನ್ನಟ್ಟುವ ತಂದೆಯಿಲ್ಲ. ಕಳೆದ ಹೊತ್ತನ್ನು ತುಂಬಿಕೊಡುವ ಸಿರಿಯಿಲ್ಲ. ಕಲಿಸುವ ಕೆಲಸ, ನಡಿಗೆ, ಕಾಲೇಜಿನ ಪಾಠ ಇವುಗಳ ನಡುವೆ ಉಳಿದ ಹೊತ್ತೇ ಅವರ ಬಂಡವಾಳ. ಉತ್ಸಾಹ ಬಂದಾಗ ಓದುವೆನೆಂದು ಕುಳಿತಿದ್ದರೆ ಆ ಬಂಡವಾಳವೂ ಕರಗಿಹೋಗುತ್ತಿತ್ತು. ಹೊತ್ತಿಗೆ ಕಟ್ಟುಪಾಡು ಹಾಕಿದವನಿಗೆ ಮನಸ್ಸು ತಾನಾಗಿ ಒಲಿಯುತ್ತದೆ. ಪರರಿಗೆ ಕಲಿಸುವವನ ಕಲಿಕೆಯೂ ಗಟ್ಟಿಯಾಗುತ್ತದೆ.

1881ರಲ್ಲಿ ಅವರು ಬಿ.ಎ. ಪದವಿ ಪಡೆದರು. ಅವರ ಪ್ರತಿಭೆಯನ್ನರಿತ ಪ್ರಾಂಶುಪಾಲ ಚಾರ್ಲ್ಸ್ ವಾಟರ್ಸ್ ಅವರ ಪ್ರೋತ್ಸಾಹವೂ ಮೈಸೂರು ಸರ್ಕಾರದ ವಿದ್ಯಾರ್ಥಿವೇತನವೂ ಪುಣೆಯ ವಿಜ್ಞಾನ ಕಾಲೇಜಿನ ದಾರಿ ತೆರೆದವು. ಅಲ್ಲಿ 1883ರ ಎಂಜಿನಿಯರಿಂಗ್ ಪರೀಕ್ಷೆಯಲ್ಲಿ ಪ್ರಥಮ ಸ್ಥಾನ ಗಳಿಸಿ, 1884ರಲ್ಲಿ ಮುಂಬಯಿ ಸರ್ಕಾರದ ಸೇವೆಗೆ ಸೇರಿದರು. ನೆರವು ಹೊರಗಿನಿಂದ ಬಂದಿತು, ನಿಜ. ಆದರೆ ಅದನ್ನು ಪಡೆಯುವ ಯೋಗ್ಯತೆಯು ದಿನದಿನದ ಶ್ರಮದಿಂದ ಸಿದ್ಧವಾಗಿತ್ತು.

ಬಡತನದಲ್ಲಿ ಕಲಿತವರು ಕಲಿಕೆಯ ಬಾಗಿಲನ್ನು ಇತರರಿಗೂ ತೆರೆದರು. 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ, 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಜಾರಿಗೆ ಬಂದಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ಅವರು ಮುಂದೆ ಅಧ್ಯಕ್ಷರಾಗಿ ಬೆಳೆಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಬಂದುದು ವಸ್ತಾರೆಯ ಉತ್ತರಕ್ಕಿರುವ ಬಾಬಾಬುಡನ್ ಗಿರಿಶ್ರೇಣಿಯ ಕೆಮ್ಮಣ್ಣುಗುಂಡಿಯಿಂದ. ತೊಂಬತ್ತು ದಾಟಿದ ಮೇಲೂ ಗಂಗಾನದಿಯ ಸೇತುವೆಗೆ ಸ್ಥಳ ಪರಿಶೀಲಿಸಲು ಬಿಹಾರಕ್ಕೆ ತೆರಳಿದರು. 1962ರಲ್ಲಿ ದಿವಂಗತರಾದರು.

ಅದಿರು ಗಿರಿಯ ಗರ್ಭದಲ್ಲಿದ್ದ ಮಾತ್ರಕ್ಕೆ ಕಬ್ಬಿಣವಾಗದು. ಅಗೆಯಬೇಕು, ಸಾಗಿಸಬೇಕು, ಕುಲುಮೆಯಲ್ಲಿ ಕಾಯಿಸಬೇಕು. ವಿದ್ಯಾರ್ಥಿಯ ಬುದ್ಧಿಶಕ್ತಿಯೂ ಹಾಗೆಯೇ. ಇಂದಿನ ಪಾಠವನ್ನು ಇಂದೇ, ಗೊತ್ತಾದ ಹೊತ್ತಿಗೆ ಕುಳಿತು ಓದುವವನ ಕುಲುಮೆಯು ಆರುವುದಿಲ್ಲ.