ಹತಾಶೆಯ ನಡುವೆ ಬದುಕು ಕಟ್ಟಿದ ಕವಿ ಕೂಪರ್

ಹಿರಿಯ ತಲೆಮಾರಿನ ಅನೇಕರು ಶಾಲೆಯ ಇಂಗ್ಲಿಷ್ ಪಾಠದಲ್ಲಿ ಜಾನ್ ಗಿಲ್ಪಿನ್ ಎಂಬ ಬಟ್ಟೆ ವ್ಯಾಪಾರಿಯ ಕಥನಕವನವನ್ನು ಓದಿ ನಕ್ಕಿರುತ್ತಾರೆ. ಮದುವೆಯಾಗಿ ಇಪ್ಪತ್ತು ವರ್ಷ ತುಂಬಿದ ಸಂಭ್ರಮಕ್ಕೆ ಎರವಲು ಕುದುರೆಯೇರಿ ಹೊರಟ ಆತನನ್ನು ಆ ಕುದುರೆ ತನ್ನಿಚ್ಛೆ ಬಂದ ಕಡೆಗೆ ಹೊತ್ತೊಯ್ಯುವ ಕಥೆ ಅದು. ಆ ನಗೆಗವನವನ್ನು ಬರೆದವನು ಹದಿನೆಂಟನೇ ಶತಮಾನದ ವಿಲಿಯಂ ಕೂಪರ್. ಹೆಸರಿನ ಅಕ್ಷರಗಳನ್ನು ನೋಡಿ ಆತನನ್ನು ಕೌಪರ್ ಎಂದು ಕರೆಯುವವರೂ ಉಂಟು. ಓದುಗರನ್ನು ಹೀಗೆ ನಗಿಸಿದ ಈ ಕವಿ ತನ್ನ ವಯಸ್ಕ ಜೀವನದ ಬಹುಭಾಗವನ್ನು ತೀವ್ರ ಖಿನ್ನತೆಯಲ್ಲಿ ಕಳೆದನೆಂಬುದು ಅಷ್ಟಾಗಿ ಪರಿಚಿತವಲ್ಲ.

ಕ್ರೈಸ್ತ ಶ್ರದ್ಧೆ ಕೂಪರನನ್ನು ಒಮ್ಮೆ ಸಾವಿನ ಅಂಚಿನಿಂದ ಹಿಂದಕ್ಕೆ ಕರೆತಂದಿತು. ಕೆಲವು ವರ್ಷಗಳ ನಂತರ ಆತನ ಹತಾಶೆ ಅದೇ ಶ್ರದ್ಧೆಯ ಭಾಷೆಯಲ್ಲಿ ಮಾತನಾಡತೊಡಗಿತು. ದೇವರನ್ನು ನಂಬಿದವನಿಗೆ ಮನಸ್ಸಿನ ಕಾಯಿಲೆ ಬಾರದು ಎನ್ನುವವರೂ, ಧರ್ಮದ ಗೀಳೇ ಇಂತಹ ಕಾಯಿಲೆಗೆ ಮೂಲ ಎನ್ನುವವರೂ ನಮ್ಮಲ್ಲಿದ್ದಾರೆ. ಈ ಎರಡೂ ತೀರ್ಮಾನಗಳಿಗೆ ಕೂಪರನ ಬದುಕು ಒಗ್ಗುವುದಿಲ್ಲ.

ಆತ ಜನಿಸಿದ್ದು 1731ರ ನವೆಂಬರ್‌ನಲ್ಲಿ, ಹರ್ಟ್‌ಫರ್ಡ್‌ಷೈರಿನ ಬರ್ಕ್‌ಹ್ಯಾಮ್‌ಸ್ಟೆಡ್ ಎಂಬಲ್ಲಿ. ತಂದೆ ಅಲ್ಲಿನ ಚರ್ಚಿನ ಪಾದ್ರಿ. ಆರನೆಯ ವಯಸ್ಸು ತುಂಬುವ ಹೊತ್ತಿಗೆ, ತಮ್ಮ ಜಾನ್ ಹುಟ್ಟಿದ ಕೆಲವೇ ದಿನಗಳಲ್ಲಿ, ತಾಯಿ ತೀರಿಕೊಂಡಳು. ಆ ಅಗಲಿಕೆಯ ನೋವು ಕೊನೆಯವರೆಗೂ ಉಳಿಯಿತು. ಐವತ್ತಕ್ಕೂ ಹೆಚ್ಚು ವರ್ಷಗಳ ನಂತರ, 1790ರಲ್ಲಿ, ಬಂಧುವೊಬ್ಬಳು ತಾಯಿಯ ಚಿತ್ರಪಟವನ್ನು ಕಳುಹಿಸಿಕೊಟ್ಟಾಗ ಆತ ಬರೆದ ಕವಿತೆ ಇಂಗ್ಲಿಷಿನ ಹೆಸರಾಂತ ಶೋಕಗೀತೆಗಳಲ್ಲೊಂದು.

ವೆಸ್ಟ್‌ಮಿನ್‌ಸ್ಟರ್ ಶಾಲೆಯಲ್ಲಿ ಓದಿದ ಕೂಪರ್ ಕುಟುಂಬದ ಇಚ್ಛೆಯಂತೆ ಕಾನೂನು ಕಲಿತ. ಲಂಡನ್ನಿನ ಮಿಡ್ಲ್ ಟೆಂಪಲ್‌ನಲ್ಲಿ ಒಂಟಿಯಾಗಿ ವಾಸಿಸುತ್ತಿದ್ದಾಗ, 1753ರ ಸುಮಾರಿಗೆ, ಮೊದಲ ಬಾರಿಗೆ ಖಿನ್ನತೆ ಆವರಿಸಿತು. ಮರುವರ್ಷ ವಕೀಲನಾಗಿ ದಾಖಲಾದರೂ ವೃತ್ತಿಯಲ್ಲಿ ಮನಸ್ಸು ನಿಲ್ಲಲಿಲ್ಲ. ಚಿಕ್ಕಪ್ಪನ ಮಗಳು ಥಿಯೊಡೋರಾಳ ಮೇಲಿನ ಪ್ರೀತಿಗೆ ಆಕೆಯ ತಂದೆ ಒಪ್ಪಲಿಲ್ಲ. ಇಬ್ಬರೂ ಕೊನೆಯವರೆಗೆ ಅವಿವಾಹಿತರಾಗಿಯೇ ಉಳಿದರು.

1763ರಲ್ಲಿ, ಕೂಪರನಿಗೆ ಮೂವತ್ತೆರಡು ವರ್ಷವಾಗುತ್ತಿದ್ದಾಗ, ಬಂಧುವೊಬ್ಬ ತನ್ನ ಅಧಿಕಾರ ಬಳಸಿ ಹೌಸ್ ಆಫ್ ಲಾರ್ಡ್ಸ್‌ನ ನಡಾವಳಿ ಗುಮಾಸ್ತನ ಹುದ್ದೆಗೆ ಆತನ ಹೆಸರನ್ನು ಸೂಚಿಸಿದ. ನೆಮ್ಮದಿಯ ವರಮಾನದ ಕೆಲಸ. ಆದರೆ ನೇಮಕಕ್ಕೆ ವಿರೋಧ ಬಂದದ್ದರಿಂದ, ಅಭ್ಯರ್ಥಿಯು ಸದನದ ಮುಂದೆ ಹಾಜರಾಗಿ ತನ್ನ ಯೋಗ್ಯತೆಯನ್ನು ತೋರಿಸಬೇಕೆಂದು ತೀರ್ಮಾನವಾಯಿತು. ಕೂಪರ್ ತಿಂಗಳುಗಟ್ಟಲೆ ಕಚೇರಿಗೆ ಹೋಗಿ ನಡಾವಳಿ ಪುಸ್ತಕಗಳನ್ನು ತಿರುವಿದರೂ ಒಂದಕ್ಷರವೂ ತಲೆಗೆ ಹತ್ತಲಿಲ್ಲ. ಸಂದರ್ಶನ ಮಂಡಳಿಗಳ ಎದುರು ಕುಳಿತವರಿಗೂ, ಆ ಮಂಡಳಿಗಳಲ್ಲಿ ಕುಳಿತವರಿಗೂ ಈ ಬಗೆಯ ಭಯ ಅಪರಿಚಿತವಲ್ಲ. ಬಹುಮಂದಿಯಲ್ಲಿ ಅದು ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಕೂಪರನಲ್ಲಿ ಅದು ಬುದ್ಧಿಯನ್ನೇ ಕದಡಿತು. ಪರೀಕ್ಷೆಯ ದಿನ ಸಮೀಪಿಸಿದಂತೆ ಆತ ಒಂದಕ್ಕಿಂತ ಹೆಚ್ಚು ಬಾರಿ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ. ಬದುಕಿ ಉಳಿದ ಮೇಲೆ, ಆ ಯತ್ನವೇ ಕ್ಷಮೆಯಿಲ್ಲದ ಪಾಪವೆಂಬ ಭಾವನೆ ಆತನನ್ನು ಸುಡತೊಡಗಿತು.

ಬಂಧುಗಳು ಆತನನ್ನು ಸೇಂಟ್ ಆಲ್ಬನ್ಸ್‌ನಲ್ಲಿ ಡಾ. ನತಾನಿಯೆಲ್ ಕಾಟನ್ ನಡೆಸುತ್ತಿದ್ದ ಖಾಸಗಿ ಮನೋರೋಗ ಚಿಕಿತ್ಸಾಲಯಕ್ಕೆ ಸೇರಿಸಿದರು. ಮನೋರೋಗಿಗಳನ್ನು ಸರಪಳಿಯಲ್ಲಿಟ್ಟು, ಹಣ ತೆತ್ತು ಬಂದವರಿಗೆ ಪ್ರದರ್ಶಿಸುತ್ತಿದ್ದ ಕಾಲ ಅದು. ಕಾಟನ್ ಅಂತಹವರ ಸಾಲಿಗೆ ಸೇರಿದವನಲ್ಲ. ಸ್ವತಃ ಕವಿಯೂ ದೈವಭಕ್ತನೂ ಆಗಿದ್ದ ಆತ ರೋಗಿಗಳೊಡನೆ ಕುಳಿತು ಮಾತನಾಡುತ್ತಿದ್ದ. 1764ರ ಬೇಸಗೆಯ ಒಂದು ದಿನ ಅಲ್ಲಿ ಬೈಬಲನ್ನು ಕೈಗೆತ್ತಿಕೊಂಡ ಕೂಪರನ ಕಣ್ಣು ರೋಮಾಪುರದವರಿಗೆ ಪೌಲನು ಬರೆದ ಪತ್ರಿಕೆಯ ಮೂರನೆಯ ಅಧ್ಯಾಯದ ಮೇಲೆ ಬಿತ್ತು. ಮನುಷ್ಯನ ಪಾಪಕ್ಕೆ ಕ್ರಿಸ್ತನೇ ಪ್ರಾಯಶ್ಚಿತ್ತವಾದನೆಂಬ, ಬಾಲ್ಯದಿಂದ ಕೇಳಿದ್ದ ಮಾತು ಅಂದು ತನಗಾಗಿಯೇ ಬರೆದದ್ದೆಂದು ಆತನಿಗೆ ತೋರಿತು. ತನಗೂ ಕ್ಷಮೆಯಿದೆ ಎಂಬ ಅರಿವಿನಿಂದ ಮನಸ್ಸಿನ ಭಾರ ಇಳಿಯಿತು.

ಇಲ್ಲಿ ವೈದ್ಯನ ವಿವೇಕವನ್ನೂ ಗಮನಿಸಬೇಕು. ದೈವಭಕ್ತನಾಗಿದ್ದರೂ ಕಾಟನ್ ಈ ಹಠಾತ್ ಆನಂದವನ್ನು ಕಂಡು ಹಿಗ್ಗಲಿಲ್ಲ. ಅದು ಮತ್ತೊಂದು ಬಗೆಯ ಉನ್ಮಾದಕ್ಕೆ ತಿರುಗೀತೆಂದು ಶಂಕಿಸಿದ. ಕೂಪರ್ ಸಹ ಆತುರಪಡಲಿಲ್ಲ. ಹೆಚ್ಚುಕಡಿಮೆ ಇನ್ನೊಂದು ವರ್ಷ ಅಲ್ಲಿಯೇ ಇದ್ದು, 1765ರ ಜೂನ್‌ನಲ್ಲಿ ಹೊರಬಂದ. ನಂಬಿಕೆ ಮತ್ತು ಚಿಕಿತ್ಸೆ ಒಂದೇ ಸೂರಿನಡಿ ಪರಸ್ಪರ ಜಗಳವಾಡದೆ ಕೆಲಸ ಮಾಡಿದವು.

ಲಂಡನ್ನಿಗೆ ಮರಳುವ ಆಸೆ ಆತನಿಗೆ ಉಳಿದಿರಲಿಲ್ಲ. ಕೇಂಬ್ರಿಜ್‌ನಲ್ಲಿದ್ದ ತಮ್ಮನಿಗೆ ಸಮೀಪವಾಗುವಂತೆ ಹಂಟಿಂಗ್‌ಡನ್ ಪಟ್ಟಣದಲ್ಲಿ ನೆಲೆಸಿದ. ಅಲ್ಲಿ ಮಾರ್ಲಿ ಅನ್ವಿನ್ ಎಂಬ ಪಾದ್ರಿಯ ಕುಟುಂಬದ ಸ್ನೇಹವಾಗಿ, ಅವರ ಮನೆಯಲ್ಲಿಯೇ ಉಳಿದುಕೊಂಡ. 1767ರಲ್ಲಿ ಕುದುರೆಯಿಂದ ಬಿದ್ದು ಅನ್ವಿನ್ ಮೃತಪಟ್ಟ. ಆತನ ಪತ್ನಿ ಮೇರಿ ಕೂಪರನನ್ನು ಕೈಬಿಡಲಿಲ್ಲ. ಅಂದಿನಿಂದ ತನ್ನ ಮರಣದವರೆಗೆ, ಸುಮಾರು ಮೂರು ದಶಕ, ಆಕೆ ಆತನಿಗೆ ಆಸರೆಯಾದಳು.

ಅದೇ ವರ್ಷ ಇಬ್ಬರೂ ಬಕಿಂಗ್‌ಹ್ಯಾಮ್‌ಷೈರಿನ ಓಲ್ನಿ ಎಂಬ ಊರಿಗೆ ಬಂದರು. ಅವರನ್ನು ಕರೆಸಿಕೊಂಡವನು ಅಲ್ಲಿನ ಪಾದ್ರಿ ಜಾನ್ ನ್ಯೂಟನ್. ಒಂದು ಕಾಲಕ್ಕೆ ಗುಲಾಮರನ್ನು ಸಾಗಿಸುವ ಹಡಗಿನ ಕಪ್ತಾನನಾಗಿದ್ದು ಅನಂತರ ಧರ್ಮೋಪದೇಶಕನಾದವನು, ಜಗತ್ಪ್ರಸಿದ್ಧವಾದ ಅಮೇಜಿಂಗ್ ಗ್ರೇಸ್ ಗೀತೆಯನ್ನು ಬರೆದವನು. ಓಲ್ನಿಯಲ್ಲಿ ಲೇಸ್ ಹೆಣೆದು ಹೊಟ್ಟೆ ಹೊರೆಯುವ ಬಡವರೇ ಹೆಚ್ಚು. ಸಭೆಯ ಮುಂದೆ ನಿಲ್ಲುವ ಭಯದಿಂದ ಹುದ್ದೆಯನ್ನೇ ತೊರೆದ ಕೂಪರ್ ಇಲ್ಲಿ ಸಣ್ಣ ಪ್ರಾರ್ಥನಾ ಕೂಟಗಳಲ್ಲಿ ಪ್ರಾರ್ಥನೆ ನಡೆಸಿದ. ನ್ಯೂಟನ್ನನೊಂದಿಗೆ ರೋಗಿಗಳ, ಬಡವರ ಮನೆಗಳಿಗೆ ಹೋದ. ಇಬ್ಬರೂ ಸೇರಿ ಆ ಜನರಿಗಾಗಿ ಬರೆದ ಸ್ತೋತ್ರಗೀತೆಗಳು ‘ಓಲ್ನಿ ಹಿಮ್ಸ್’ ಎಂಬ ಹೆಸರಿನಲ್ಲಿ 1779ರಲ್ಲಿ ಪ್ರಕಟವಾದವು. ಅಲ್ಲಿನ 348 ಗೀತೆಗಳಲ್ಲಿ ಅರುವತ್ತಕ್ಕೂ ಹೆಚ್ಚು ಕೂಪರನವು. ಅವುಗಳಲ್ಲಿ ಕೆಲವನ್ನು ಇಂಗ್ಲಿಷ್ ಆರಾಧನೆ ನಡೆಯುವ ಚರ್ಚುಗಳಲ್ಲಿ ಇಂದಿಗೂ ಹಾಡುತ್ತಾರೆ.

ಆದರೆ ಆ ಪುಸ್ತಕ ಹೊರಬರುವ ಹೊತ್ತಿಗೆ ಕೂಪರ್ ಚರ್ಚಿನ ಹೊಸ್ತಿಲು ತುಳಿಯದೆ ಆರು ವರ್ಷಗಳಾಗಿದ್ದವು. 1773ರ ಜನವರಿಯಲ್ಲಿ ಕಾಯಿಲೆ ಮರುಕಳಿಸಿತ್ತು. ದೇವರು ತನ್ನನ್ನು ಶಾಶ್ವತವಾಗಿ ತ್ಯಜಿಸಿದ್ದಾನೆಂದು ಸಾರುವ ಕನಸೊಂದು ಬಿದ್ದು, ಅದನ್ನು ಆತ ಅಂತಿಮ ತೀರ್ಪೆಂದೇ ಸ್ವೀಕರಿಸಿದ. ಆ ವರ್ಷವೇ ಮತ್ತೊಮ್ಮೆ ಸಾವನ್ನು ಅರಸಿದ. ನ್ಯೂಟನ್ ಮತ್ತು ಆತನ ಪತ್ನಿ ಒಂದು ವರ್ಷಕ್ಕೂ ಹೆಚ್ಚು ಕಾಲ ಆತನನ್ನು ತಮ್ಮ ಮನೆಯಲ್ಲಿಯೇ ಇರಿಸಿಕೊಂಡು ನೋಡಿಕೊಂಡರು. ಮೇರಿ ಹಗಲಿರುಳು ಕಾದಳು. ಕ್ರಮೇಣ ಚೇತರಿಕೆಯಾಯಿತು. ಆದರೆ ದೇವರ ಕೃಪೆ ಎಲ್ಲರಿಗೂ ಉಂಟು, ತನಗೊಬ್ಬನಿಗೆ ಇಲ್ಲ ಎಂಬ ವಿಚಿತ್ರ ನಿಶ್ಚಯ ಮಾತ್ರ ಮುಂದಿನ 27 ವರ್ಷ ಆತನನ್ನು ಬಿಡಲಿಲ್ಲ.

ಮುಕ್ತಿಗೆ ಪಾತ್ರರಾಗುವವರು ಯಾರೆಂಬುದನ್ನು ದೇವರು ಮೊದಲೇ ನಿರ್ಣಯಿಸಿರುತ್ತಾನೆಂಬ ಕ್ಯಾಲ್ವಿನ್ ಪಂಥದ ಬೋಧನೆಯೇ ಕೂಪರನನ್ನು ಕೆಡಿಸಿತೆಂದು, ಅದಕ್ಕೆ ನ್ಯೂಟನ್ನನೇ ಹೊಣೆಯೆಂದು ವಾದಿಸಿದವರಿದ್ದಾರೆ. ಆ ಬೋಧನೆ ಆತನ ಹತಾಶೆಗೆ ರೂಪ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ 1753 ಮತ್ತು 1763ರ ಆಘಾತಗಳು ಆತ ನ್ಯೂಟನ್ನನನ್ನು ಕಾಣುವುದಕ್ಕೆ ಮುಂಚಿನವು. ಕಾಯಿಲೆ ಮೊದಲೇ ಇತ್ತು; ಅದು ತನ್ನ ಕೈಗೆ ಸಿಕ್ಕ ಮಾತುಗಳನ್ನು ಬಳಸಿಕೊಂಡಿತು. ಇಂದು ನಮ್ಮ ನಡುವೆ ಖಿನ್ನತೆಗೆ ಒಳಗಾದವರು ಪೂರ್ವಜನ್ಮದ ಕರ್ಮವೆಂದೋ ಹಣೆಬರಹವೆಂದೋ ತಮ್ಮನ್ನು ತಾವು ದೂಷಿಸಿಕೊಳ್ಳುವುದರ ಬಗೆಯೂ ಇದೇ.

ಹಾಗಾದರೆ ಶ್ರದ್ಧೆ ಆತನಿಗೆ ಕೊಟ್ಟಿದ್ದೇನು? ಉತ್ತರವನ್ನು 1774ರ ನಂತರದ ದಿನಚರಿಯಲ್ಲಿ ಹುಡುಕಬೇಕು. ನೆರೆಯವರು ತಂದುಕೊಟ್ಟ ಮೊಲದ ಮರಿಯೊಂದನ್ನು ಸಾಕುವುದರಿಂದ ಅದು ಆರಂಭವಾಯಿತು. ಬೇಗನೆ ಪಸ್, ಟೈನಿ, ಬೆಸ್ ಎಂಬ ಮೂರು ಮೊಲಗಳಾದವು. ಅವುಗಳಿಗೆ ಗೂಡು ಮಾಡಲೆಂದು ಕೂಪರ್ ಬಡಗಿ ಕೆಲಸ ಕಲಿತ. ತೋಟ ಮಾಡಿದ, ಸೌತೆಕಾಯಿ ಬೆಳೆದ, ಪುಟ್ಟದೊಂದು ಗಾಜಿನ ಮನೆ ಕಟ್ಟಿದ. ಮೂಕ ಪ್ರಾಣಿಯೊಂದಕ್ಕೆ ಹೊತ್ತಿಗೆ ಸರಿಯಾಗಿ ಮೇವು ಹಾಕಬೇಕೆಂಬ ಹೊಣೆ, ನಾಳೆಯ ಬೆಳಗನ್ನು ಕಾಣಬೇಕೆಂಬುದಕ್ಕೆ ಆತನಿಗೆ ಒಂದು ಕಾರಣವಾಯಿತು. ಸೃಷ್ಟಿಯನ್ನು ದೇವರ ಕೈಕೆಲಸವೆಂದು ಕಾಣುವ ದೃಷ್ಟಿ, ತನಗೆ ಅದರಲ್ಲಿ ಪಾಲಿಲ್ಲವೆಂದು ನಂಬಿದ್ದಾಗಲೂ, ಆತನಿಂದ ಮರೆಯಾಗಲಿಲ್ಲ.

ಬರವಣಿಗೆಯೂ ಹೀಗೆಯೇ ಕೂಡಿಬಂತು. ಮನಸ್ಸನ್ನು ಕೆಲಸದಲ್ಲಿ ತೊಡಗಿಸಲೆಂದು ಮೇರಿ ದೀರ್ಘಕವಿತೆ ಬರೆಯಲು ಪ್ರೇರೇಪಿಸಿದಳು. 1782ರಲ್ಲಿ ಮೊದಲ ಸಂಕಲನ ಬಂತು. ಆಗ ಆತನಿಗೆ ಐವತ್ತು ವರ್ಷ. ನೆರೆಗೆ ಬಂದಿದ್ದ ಲೇಡಿ ಆಸ್ಟೆನ್ ಎಂಬ ಗೆಳತಿ, ಆತ ಕುಗ್ಗಿ ಕುಳಿತಿದ್ದ ಒಂದು ಸಂಜೆ ಜಾನ್ ಗಿಲ್ಪಿನ್‌ನ ಕಥೆ ಹೇಳಿ ನಗಿಸಿದಳು. ಅದು ಕವನವಾಗಿ ಇಂಗ್ಲೆಂಡನ್ನೇ ನಗಿಸಿತು. ಬರೆಯಲು ವಸ್ತು ಏನೆಂದು ಕೇಳಿದ್ದಕ್ಕೆ ಸೋಫಾದ ಮೇಲೆ ಬರೆ ಎಂದವಳೂ ಆಕೆಯೇ. ಆ ವಿನೋದದಿಂದ ಹುಟ್ಟಿದ ‘ದಿ ಟಾಸ್ಕ್’ ಆರು ಭಾಗಗಳ ಮಹಾಕವಿತೆಯಾಗಿ 1785ರಲ್ಲಿ ಪ್ರಕಟವಾಯಿತು. ಹಳ್ಳಿಯ ಬದುಕು, ಪ್ರಾಣಿದಯೆ, ಗುಲಾಮಗಿರಿಯ ಖಂಡನೆ, ದೇವರ ಧ್ಯಾನ ಎಲ್ಲವೂ ಅದರಲ್ಲಿವೆ. ಗುಲಾಮರ ವ್ಯಾಪಾರದ ವಿರುದ್ಧ ಚಳವಳಿ ಆರಂಭವಾದಾಗ, 1788ರಲ್ಲಿ, ಅದಕ್ಕಾಗಿ ಜನಸಾಮಾನ್ಯರು ಹಾಡಬಲ್ಲ ಲಾವಣಿಗಳನ್ನು ಬರೆದುಕೊಟ್ಟ. ಗುಲಾಮನ ದೂರನ್ನು ಆತನ ಬಾಯಿಂದಲೇ ಹೇಳಿಸುವ ಅವುಗಳಲ್ಲೊಂದರ ಸಾಲುಗಳನ್ನು ಇಪ್ಪತ್ತನೇ ಶತಮಾನದಲ್ಲಿ ಮಾರ್ಟಿನ್ ಲೂಥರ್ ಕಿಂಗ್ ತಮ್ಮ ಭಾಷಣಗಳಲ್ಲಿ ಬಳಸಿದರು. ತನಗೆ ಬಿಡುಗಡೆಯಿಲ್ಲವೆಂದು ನಂಬಿದ್ದವನು ಪರರ ಬಿಡುಗಡೆಗಾಗಿ ದುಡಿದ. ಹೋಮರನ ಎರಡೂ ಮಹಾಕಾವ್ಯಗಳ ಅನುವಾದವನ್ನು 1791ರಲ್ಲಿ ಮುಗಿಸಿದ.

ಕಡೆಯ ವರ್ಷಗಳು ಕಠಿಣವಾಗಿದ್ದವು. ಮೇರಿಗೆ ಪಾರ್ಶ್ವವಾಯು ಬಡಿಯಿತು. ತನ್ನನ್ನು ಸಲಹಿದವಳನ್ನು ಈಗ ಕೂಪರನೇ ಕೈಹಿಡಿದು ನಡೆಸಿದ. 1794ರಲ್ಲಿ ಅರಸನಿಂದ ವರ್ಷಕ್ಕೆ 300 ಪೌಂಡುಗಳ ಪಿಂಚಣಿ ಮಂಜೂರಾದಾಗ ಆ ಸುದ್ದಿಯನ್ನು ಕೇಳಿ ಸಂತೋಷಪಡುವ ಸ್ಥಿತಿಯಲ್ಲಿ ಆತ ಇರಲಿಲ್ಲ. ಜೀವನೋಪಾಯದ ಚಿಂತೆ ತೊಲಗಿದರೆ ಮನಸ್ಸಿನ ಚಿಂತೆಯೂ ತೊಲಗುತ್ತದೆಂಬ ಲೆಕ್ಕಾಚಾರ ಎಲ್ಲ ಕಾಲಕ್ಕೂ ಸರಿಯಲ್ಲ. ಮರುವರ್ಷ ಜಾನ್ ಜಾನ್ಸನ್ ಎಂಬ ಕಿರಿಯ ಬಂಧು ಇಬ್ಬರನ್ನೂ ನಾರ್ಫಕ್‌ಗೆ ಕರೆದೊಯ್ದ. 1796ರ ಡಿಸೆಂಬರ್‌ನಲ್ಲಿ ಮೇರಿ ತೀರಿಕೊಂಡಳು. ಜಾನ್ಸನ್ ಗಂಟೆಗಟ್ಟಲೆ ಕಾದಂಬರಿಗಳನ್ನು ಓದಿ ಹೇಳುತ್ತ, ಹೋಮರನ ಪರಿಷ್ಕರಣೆಗೆ ಹಚ್ಚುತ್ತ ಕೂಪರನನ್ನು ಉಳಿಸಿಕೊಂಡ. 1799ರಲ್ಲಿ ಬರೆದ ಕಡೆಯ ಶ್ರೇಷ್ಠ ಕವಿತೆ, ಹಡಗಿನಿಂದ ಕಡಲಿಗೆ ಬಿದ್ದು ಮುಳುಗಿದ ನಾವಿಕನೊಬ್ಬನನ್ನು ಕುರಿತದ್ದು. ಅದರಲ್ಲಿ ಭರವಸೆಯ ಸುಳಿವಿಲ್ಲ. 1800ರ ಏಪ್ರಿಲ್ 25ರಂದು ಈಸ್ಟ್ ಡೆರ್‌ಹ್ಯಾಮ್‌ನಲ್ಲಿ ಆತ ನಿಧನನಾದ. ಮೃತನ ಮುಖದಲ್ಲಿ ಶಾಂತಿಯೂ ವಿಸ್ಮಯವೂ ಬೆರೆತಿದ್ದುದನ್ನು ಕಂಡೆನೆಂದು ಜಾನ್ಸನ್ ದಾಖಲಿಸಿದ್ದಾನೆ. ಅದನ್ನು ಪವಾಡಕ್ಕೆ ಸಾಕ್ಷ್ಯವೆಂದು ಹಿಡಿಯಬೇಕಾದ ಅಗತ್ಯವಿಲ್ಲ.

ಸಾಕ್ಷ್ಯ ಬೇರೆಡೆ ಇದೆ. ಸ್ತೋತ್ರಗೀತೆಗಳನ್ನು ಬಿಟ್ಟರೆ ಕೂಪರನ ಮುಖ್ಯ ಕೃತಿಗಳೆಲ್ಲವೂ ದೇವರು ತನ್ನನ್ನು ಕೈಬಿಟ್ಟನೆಂದು ಆತ ನಂಬಿದ ನಂತರದವು. 1763ರಲ್ಲಿಯೇ ಮುಗಿಯಬಹುದಾಗಿದ್ದ ಬದುಕು ಇನ್ನೂ 37 ವರ್ಷ ನಡೆಯಿತು. ಸೇಂಟ್ ಆಲ್ಬನ್ಸ್‌ನಲ್ಲಿ ದೊರೆತ ನಂಬಿಕೆ ಆತನ ರೋಗವನ್ನು ಗುಣಪಡಿಸಲಿಲ್ಲ. ಆದರೆ ಅದು ಆತನನ್ನು ಕೆಲವು ಜನರ ನಡುವೆ ತಂದು ನಿಲ್ಲಿಸಿತು. ಮಾಡಲು ಕೆಲಸವನ್ನು ಕೊಟ್ಟಿತು. ಆತನೊಳಗೆ ಭರವಸೆ ಆರಿದಾಗ ಮೇರಿ, ನ್ಯೂಟನ್, ಜಾನ್ಸನ್ ಆತನ ಪರವಾಗಿ ಅದನ್ನು ಕಾಪಾಡಿದರು. ಬರಿಯ ಉಪದೇಶದಿಂದ ಇದು ಸಾಧ್ಯವಾಗುತ್ತಿರಲಿಲ್ಲ. ಅವರು ಜೊತೆಗಿದ್ದು ಅದನ್ನು ಸಾಧಿಸಿದರು.

ನಮ್ಮ ಕಾಲಕ್ಕೆ ಇದರ ಪ್ರಸ್ತುತತೆಯನ್ನು ವಿವರಿಸಬೇಕಾಗಿಲ್ಲ. ಪ್ರಾಣ ಕಳೆದುಕೊಳ್ಳಲು ಯತ್ನಿಸಿದವರನ್ನು ತೀವ್ರ ಮಾನಸಿಕ ಒತ್ತಡಕ್ಕೆ ಒಳಗಾದವರೆಂದು ಭಾವಿಸಿ ಆರೈಕೆ ನೀಡಬೇಕೆಂದು 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ಹೇಳುತ್ತದೆ. 2022ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ, ಬೆಂಗಳೂರಿನ ನಿಮ್ಹಾನ್ಸ್ ಮುನ್ನಡೆಸುತ್ತಿರುವ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಯಾರು ಬೇಕಾದರೂ ಉಚಿತವಾಗಿ ಕರೆ ಮಾಡಬಹುದು. ಕೂಪರನ ಕಾಲದಲ್ಲಿ ಇವಾವುವೂ ಇರಲಿಲ್ಲ, ಔಷಧಗಳೂ ಇರಲಿಲ್ಲ. ಆದರೂ, ಕಾಯ್ದೆಯಾಗಲಿ ಸಹಾಯವಾಣಿಯಾಗಲಿ ಮನೆಯೊಳಗೆ ಬಂದು ಕುಳಿತು ಕಾಯಲಾರವು. ಚರ್ಚಿರಲಿ, ಮಠವಿರಲಿ, ಮಸೀದಿಯಿರಲಿ, ಖಿನ್ನತೆಯಿಂದ ನರಳುವ ಸದಸ್ಯನಿಗೆ ನಿನ್ನ ನಂಬಿಕೆ ಸಾಲದು ಎನ್ನುವ ಬದಲು ಆತನನ್ನು ವೈದ್ಯರ ಬಳಿಗೆ ಕರೆದೊಯ್ದು, ಮನೆಗೆ ಮರಳಿದ ಮೇಲೆ ಕೈಗೊಂದು ಸಣ್ಣ ಕೆಲಸ ಕೊಟ್ಟು, ಪಕ್ಕದಲ್ಲಿ ಕುಳಿತುಕೊಳ್ಳುವುದು ಸಾಧ್ಯ. ಓಲ್ನಿಯ ಕೆಲವು ಸಾಮಾನ್ಯ ಜನ ಅಷ್ಟನ್ನು ಮಾಡಿದರು.