ರಮಾಬಾಯಿ ತೆರೆದಿಟ್ಟ ಬಾಗಿಲು

ಈಗ ಕ್ರೈಸ್ತರ ತಪಸ್ಸು ಕಾಲ. ಬೂದಿ ಬುಧವಾರದಿಂದ ಈಸ್ಟರ್‌ವರೆಗೆ, ನಡುವಿನ ಭಾನುವಾರಗಳನ್ನು ಬಿಟ್ಟು ಎಣಿಸಿದರೆ 40 ದಿನ. ಪುಣೆಯ ನಮ್ಮ ಟೀಮಿನಲ್ಲಿ ಒಬ್ಬರು ಮಾಂಸ ಬಿಟ್ಟಿದ್ದಾರೆ, ಇನ್ನೊಬ್ಬರು ಫೋನಿನಿಂದ ಇನ್‌ಸ್ಟಾಗ್ರಾಂ ತೆಗೆದುಹಾಕಿದ್ದಾರೆ. ಮಂಗಳೂರು ಕಡೆಯ ಗೆಳತಿಯೊಬ್ಬಳು ಮಾತ್ರ ದಿನಕ್ಕೆ ಅರ್ಧ ಗಂಟೆ ಏನೂ ಮಾಡದೆ ಸುಮ್ಮನಿರುವ ವ್ರತ ಹಿಡಿದಿದ್ದಾಳೆ. ಹಿಂಜವಡಿಯಲ್ಲಿ ದುಡಿಯುವವರಿಗೆ ಮೂರರಲ್ಲಿ ಇದೇ ಕಷ್ಟದ್ದು.

ಆದರೆ ನಮ್ಮ ಕನ್ನಡದಲ್ಲಿ ‘ಸುಮ್ಮನಿರು’ ಎಂಬ ಮಾತಿಗೆ ಎರಡು ಮುಖ. ಮನಸ್ಸು ನೆಮ್ಮದಿಯಾಗಿರಲಿ ಎಂದು ಹೇಳುವಾಗಲೂ ಅದೇ ಪದ, ಬಾಯಿ ಮುಚ್ಚು ಎಂದು ಗದರುವಾಗಲೂ ಅದೇ ಪದ. ಈ ಎರಡರ ನಡುವಿನ ಅಂತರವನ್ನು ಬದುಕಿನಲ್ಲೇ ಅಳೆದ ಹೆಂಗಸೊಬ್ಬಳು ಪುಣೆಯಲ್ಲಿದ್ದಳು. ಹುಟ್ಟಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ. ಪಂಡಿತಾ ರಮಾಬಾಯಿ.

ತಂದೆ ಅನಂತಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು. ಓದಿದ್ದು ಪುಣೆಯಲ್ಲಿ. ಗುರುಗಳು ಪೇಶ್ವೆಯ ಮನೆಯ ಹೆಂಗಸಿಗೆ ಸಂಸ್ಕೃತ ಹೇಳಿಕೊಡುವುದನ್ನು ಕಂಡ ಅವರು, ತಮ್ಮ ಹೆಂಡತಿಗೂ ಕಲಿಸಬೇಕೆಂದು ಹೊರಟರು. ಊರವರಿಗೆ ಅದು ಹಿಡಿಸಲಿಲ್ಲ. ಕೊನೆಗೆ ತುಂಗಾ, ಭದ್ರಾ, ನೇತ್ರಾವತಿ ಹುಟ್ಟುವ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು. 1858ರ ಏಪ್ರಿಲ್ 23ರಂದು ರಮಾ ಹುಟ್ಟಿದ್ದು ಅಲ್ಲಿ. ಅತಿಥಿ ಸತ್ಕಾರದಲ್ಲೇ ಆಸ್ತಿ ಕರಗಿ, ಮಗುವಿಗೆ ಆರು ತಿಂಗಳಾಗುವಷ್ಟರಲ್ಲಿ ಸಂಸಾರ ಆ ಮನೆ ಬಿಟ್ಟಿತು. ಮಗು ಬೆತ್ತದ ಬುಟ್ಟಿಯಲ್ಲಿ, ಆಳೊಬ್ಬನ ತಲೆಯ ಮೇಲೆ ಘಟ್ಟ ಇಳಿಯಿತು. ಅಲ್ಲಿಂದ ಮುಂದೆ ಹತ್ತಾರು ವರ್ಷ ಊರೂರು ಸುತ್ತಾಟ. ದೇವಸ್ಥಾನಗಳಲ್ಲಿ ಪುರಾಣ ಓದುವುದು, ಬಂದ ದಕ್ಷಿಣೆಯಲ್ಲಿ ಬದುಕುವುದು. ತಾಯಿ ಲಕ್ಷ್ಮೀಬಾಯಿ ನಸುಕಿನಲ್ಲೇ ಮಗಳನ್ನು ಎಬ್ಬಿಸಿ ಪಾಠ ಹೇಳುತ್ತಿದ್ದರು. ಭಾಗವತದ 18,000 ಶ್ಲೋಕಗಳು ಬಾಯಿಗೆ ಬಂದದ್ದು ಹೀಗೆ.

ಆ ಮನೆಯಲ್ಲಿ ವ್ರತಕ್ಕೆ, ಉಪವಾಸಕ್ಕೆ ಬರವಿರಲಿಲ್ಲ. 1870ರ ದಶಕದಲ್ಲಿ ನಿಜವಾದ ಬರವೇ ಬಂದಾಗ ಯಾವ ದಿನ ಉಪವಾಸ, ಯಾವ ದಿನ ಹಸಿವು ಎಂದು ಬೇರೆ ಮಾಡುವುದೇ ಕಷ್ಟವಾಯಿತು. ಕಾಡಿನಲ್ಲಿ ದಿನಗಟ್ಟಲೆ ನೀರು, ಸೊಪ್ಪು. 1874ರಲ್ಲಿ ತಂದೆ ಹೋದರು. ಕೆಲವೇ ವಾರಗಳಲ್ಲಿ, ರಾಯಚೂರಿನಲ್ಲಿ, ತಾಯಿ. ಮಲಗಿದ ತಾಯಿಗೆಂದು ರಮಾ ಒಂದು ಮನೆಯ ಮುಂದೆ ನಿಂತಳು. ಬೇಡಲು ನಾಲಿಗೆ ಏಳಲಿಲ್ಲ. ಮನೆಯಾಕೆ ತಾನೇ ಅರಿತು ಒಂದು ತುಂಡು ಸಜ್ಜೆ ರೊಟ್ಟಿ ಕೊಟ್ಟಳು. ತಾಯಿಗೆ ಅದನ್ನು ನುಂಗುವ ಶಕ್ತಿ ಉಳಿದಿರಲಿಲ್ಲ. ಹೆಣ ಹೊರಲು ಜನ ಸಾಲದೆ ಮಗಳೂ ಹೆಗಲು ಕೊಡಬೇಕಾಯಿತು. ಅವಳು ಗಿಡ್ಡ, ಉಳಿದವರು ಎತ್ತರ. ಹಾಗಾಗಿ ಚಟ್ಟದ ತನ್ನ ಮೂಲೆಯನ್ನು ತಲೆಯ ಮೇಲೆ ಹೊತ್ತು ಸ್ಮಶಾನಕ್ಕೆ ನಡೆದಳು. ಅಕ್ಕನೂ ಉಳಿಯಲಿಲ್ಲ.

ಮುಂದಿನದು ಶಾಲೆಯ ಪಾಠಗಳಲ್ಲಿ ಬರುವ ಭಾಗ. ಅಣ್ಣ ಶ್ರೀನಿವಾಸನ ಜೊತೆ ಕಾಶ್ಮೀರದವರೆಗೂ ನಡಿಗೆ, 1878ರಲ್ಲಿ ಕಲ್ಕತ್ತೆ, ಅಲ್ಲಿನ ವಿದ್ವಾಂಸರಿಂದ ಪಂಡಿತಾ, ಸರಸ್ವತಿ ಎಂಬ ಬಿರುದುಗಳು. ಅಣ್ಣನ ಸಾವು, ಬಂಗಾಳದ ವಕೀಲ ಬಿಪಿನ್ ಬಿಹಾರಿಯವರೊಡನೆ ಮದುವೆ, ಮಗಳು ಮನೋರಮಾ. 1882ರ ಆರಂಭದಲ್ಲಿ ಗಂಡನೂ ತೀರಿಕೊಂಡರು. 23 ವರ್ಷದ ವಿಧವೆ ಕೂಸನ್ನು ಎತ್ತಿಕೊಂಡು ಪುಣೆಗೆ ಬಂದರು.

ಆ ಕಾಲದಲ್ಲಿ ವಿಧವೆ ಎಂದರೆ ಸುಮ್ಮನಿರಬೇಕಾದವಳು. ತಲೆ ಬೋಳು, ಹೊತ್ತಿಗೆ ಒಂದೇ ಊಟ, ಏಕಾದಶಿಗೆ ಅದೂ ಇಲ್ಲ, ಶುಭ ಕಾರ್ಯದ ದಿನ ಒಳಮನೆಯ ಕತ್ತಲು. ಹೊರಗಿನಿಂದ ನೋಡಿದರೆ ಅದು ತಪಸ್ಸೇ! ಆದರೆ ಯಾರೂ ಅವಳನ್ನು ಕೇಳಿ ಹೇರಿದ ತಪಸ್ಸಲ್ಲ. ರಮಾಬಾಯಿ ಸುಮ್ಮನಿರಲಿಲ್ಲ. ಆರ್ಯ ಮಹಿಳಾ ಸಮಾಜ ಕಟ್ಟಿದರು, ಹಂಟರ್ ಆಯೋಗದ ಮುಂದೆ ಹೆಣ್ಣುಮಕ್ಕಳಿಗೆ ವೈದ್ಯೆಯರು ಬೇಕೆಂದು ಸಾಕ್ಷಿ ಹೇಳಿದರು, ತಾವೇ ವೈದ್ಯೆಯಾಗಲು 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು.

ಅಲ್ಲಿ ಅಡ್ಡ ಬಂದದ್ದು ಕಿವಿ. ಕೇಳಿಸುವುದು ಕಡಿಮೆಯಾಗುತ್ತ ಬಂದು ವೈದ್ಯಕೀಯದ ಆಸೆ ಕೈಬಿಡಬೇಕಾಯಿತು. ಅವರು ಇಳಿದುಕೊಂಡಿದ್ದು ವಾಂಟೇಜ್ ಎಂಬ ಊರಿನ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿ. ಅದೇ ಸೆಪ್ಟೆಂಬರ್ 29ರಂದು ಮಗಳೊಡನೆ ಅಲ್ಲೇ ದೀಕ್ಷಾಸ್ನಾನ ಪಡೆದರು. ಗಂಟೆಗೆ ತಕ್ಕಂತೆ ಪ್ರಾರ್ಥನೆ, ಗಂಟೆಗೆ ತಕ್ಕಂತೆ ಮೌನ, ವರ್ಷಕ್ಕೊಮ್ಮೆ ತಪಸ್ಸು ಕಾಲ ಇರುವ ಮಠಗಳ ಬದುಕನ್ನು ಹತ್ತಿರದಿಂದ ಕಂಡರು. ಮಾಂಸ ಬಿಡುವ ಪ್ರಶ್ನೆ ಅವರಿಗೆ ಏಳಲೇ ಇಲ್ಲ, ಮತ ಬದಲಾದರೂ ತಟ್ಟೆ ಬದಲಾಗಿರಲಿಲ್ಲ. ಮೊಟ್ಟೆಯನ್ನೂ ಮುಟ್ಟದ ಈ ಹೊಸ ಕ್ರೈಸ್ತಳನ್ನು ಕಂಡು ಸಿಸ್ಟರ್ ಜೆರಾಲ್ಡೀನ್‌ಗೆ ಕಸಿವಿಸಿ. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಇರಲಿ ಎಂದು ಇವರ ವಾದ. ವಿಧೇಯತೆಯ ಹೆಸರಿನಲ್ಲಿ ಬಾಯಿ ಮುಚ್ಚಿಸಲು ಬಂದದ್ದು ಪುಣೆಯ ಶಾಸ್ತ್ರಿಗಳಾದರೂ ಒಂದೇ, ಇಂಗ್ಲೆಂಡಿನ ಮಠವಾದರೂ ಒಂದೇ. ರಮಾಬಾಯಿಯವರಲ್ಲಿ ನನಗೆ ಹೆಚ್ಚು ಇಷ್ಟವಾಗುವುದು ಈ ಹಟ.

ಅಮೆರಿಕದಲ್ಲಿ ಹಣ ಕೂಡಿಸಿ ಬಂದು 1889ರ ಮಾರ್ಚ್ 11ರಂದು ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಕರ್ವೆ ರಸ್ತೆಯ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳುವವರಿಗೆ ಗೊತ್ತಿರಲಿ, ಮಹರ್ಷಿ ಕರ್ವೆ 1893ರಲ್ಲಿ ಮದುವೆಯಾದ ಗೋದೂಬಾಯಿ ಈ ಸದನದ ಮೊದಲ ವಿಧವಾ ವಿದ್ಯಾರ್ಥಿನಿ.

ಗಲಾಟೆ ಆದದ್ದೂ ಅದೇ ವರ್ಷ. ಸದನದಲ್ಲಿ ಮತಬೋಧನೆ ಇಲ್ಲ ಎಂಬುದು ಕರಾರು. ರಮಾಬಾಯಿ ತಮ್ಮ ಕೋಣೆಯಲ್ಲಿ ತಮ್ಮ ಪಾಡಿಗೆ ಪ್ರಾರ್ಥನೆಗೆ ಕೂರುತ್ತಿದ್ದರು, ಬಾಗಿಲು ಮಾತ್ರ ಹಾಕುತ್ತಿರಲಿಲ್ಲ. ಹುಡುಗಿಯರು ಬಂದು ಪಕ್ಕದಲ್ಲಿ ಕೂರತೊಡಗಿದರು. ಸುದ್ದಿ ಹಬ್ಬಿತು, ‘ಕೇಸರಿ’ ಪತ್ರಿಕೆ ಟೀಕಿಸಿತು, ರಾನಡೆ ಮತ್ತು ಭಂಡಾರಕರ್ ಸಲಹಾ ಸಮಿತಿಯಿಂದ ಹೊರಬಂದರು, ಹಲವರು ಮಕ್ಕಳನ್ನು ಬಿಡಿಸಿಕೊಂಡು ಹೋದರು. ಕರಾರು ಮುರಿಯಿತೋ ಇಲ್ಲವೋ ಎಂಬ ಚರ್ಚೆ ಇನ್ನೂ ಮುಗಿದಿಲ್ಲ. ಮಕ್ಕಳನ್ನು ನಂಬಿ ಕಳಿಸಿದವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಕತ್ತಲೆ ಕೋಣೆಯಿಂದ ಬಂದ ಹುಡುಗಿಯರ ಎದುರು ಬಾಗಿಲು ಹಾಕಿಕೊಳ್ಳಲು ಅವರಿಗೆ ಮನಸ್ಸು ಬಾರದೇ ಹೋದದ್ದೂ ಅರ್ಥವಾಗುತ್ತದೆ.

1896-97ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ. ರಾಯಚೂರಿನ ಆ ರೊಟ್ಟಿ ತುಂಡು ನೆನಪಾಗಿರಬೇಕು. ರಮಾಬಾಯಿ ಹೋಗಿ ಸುಮಾರು 300 ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗ್ ಇದ್ದುದರಿಂದ ಅವರಿಗೆ ಕೇಡಗಾಂವದ ಬಯಲಿನಲ್ಲಿ ನೆಲೆ ಮಾಡಬೇಕಾಯಿತು. ಅದೇ ‘ಮುಕ್ತಿ’. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಊರಿಗೆ ಹೋಗುವ ನಾವು ದೌಂಡ್ ಬರುವ ಮೊದಲು ದಾಟುವ ಸಣ್ಣ ಸ್ಟೇಷನ್ ಅದು. ಅದೇ ಹಳಿ ಮುಂದೆ ಕಲಬುರಗಿ, ರಾಯಚೂರು ಮುಟ್ಟುತ್ತದೆ. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರ ಸಂಖ್ಯೆ 2000ದ ಹತ್ತಿರ. ಇಂಥವರಿಗೆ ಉಪವಾಸದ ಮಹಿಮೆ ಹೇಳುವುದು ಹೇಗೆ? ಮೊದಲು ಅನ್ನ, ಬಟ್ಟೆ, ಹೆದರದೆ ನಿದ್ದೆ ಮಾಡಲು ಒಂದು ಸೂರು. ಆಮೇಲೆ ಅಕ್ಷರ, ಮಗ್ಗ, ಹೊಲಿಗೆ, ಅಚ್ಚುಕೂಟ. ಪ್ರಾರ್ಥನೆ ಜೊತೆಗಿತ್ತು, ಆದರೆ ಅದೂ ಸದಾ ಮೌನದ್ದಲ್ಲ. 1905ರಲ್ಲಿ ಆ ಹೆಣ್ಣುಮಕ್ಕಳು ಗಟ್ಟಿಯಾಗಿ ಅಳುತ್ತ, ಒಟ್ಟಿಗೇ ಕೂಗಿ ಪ್ರಾರ್ಥಿಸತೊಡಗಿದಾಗ ಕೆಲವು ಮಿಷನರಿಗಳಿಗೇ ಇರಿಸುಮುರಿಸಾಯಿತು. ರಮಾಬಾಯಿ ತಡೆಯಲಿಲ್ಲ. ಹುಟ್ಟಿದಂದಿನಿಂದ ಸುಮ್ಮನಿರು ಎಂದು ಕೇಳಿಸಿಕೊಂಡವರಿಗೆ ಅವರು ಅದೇ ಮಾತು ಹೇಳುವಂತಿರಲಿಲ್ಲ.

ತಮಗೆ ಬೇಕಾದ ಮೌನವನ್ನು ಅವರು ಕಡೆಯ ಹದಿನೈದಕ್ಕೂ ಹೆಚ್ಚು ವರ್ಷ ಹುಡುಕಿಕೊಂಡದ್ದು ಬರೆಯುವ ಮೇಜಿನಲ್ಲಿ. ಹೀಬ್ರೂ, ಗ್ರೀಕ್ ಕಲಿತು, ಹಳ್ಳಿಯ ಹೆಂಗಸಿಗೂ ತಿಳಿಯುವ ಸರಳ ಮರಾಠಿಗೆ ಇಡೀ ಬೈಬಲ್ ಅನುವಾದಿಸಲು ಕೂತರು. ಕಿವಿ ಹೆಚ್ಚುಕಡಿಮೆ ಮುಚ್ಚಿಹೋಗಿತ್ತು. ಸಂಸ್ಥೆಯ ಹೊರೆಯನ್ನು ಮನೋರಮಾ ಹೆಗಲಿಗೆ ತೆಗೆದುಕೊಂಡರು. ಗುಲ್ಬರ್ಗಾದಲ್ಲೂ ಹೆಣ್ಣುಮಕ್ಕಳ ಶಾಲೆ ನಡೆಸಿದರು. 1921ರ ಜುಲೈಯಲ್ಲಿ, 40 ವರ್ಷಕ್ಕೆ, ಮನೋರಮಾ ತೀರಿಕೊಂಡರು. ತಾಯಿ ಮತ್ತೆ ಮೇಜಿಗೆ ಮರಳಿ ಕರಡು ತಿದ್ದಿದರು.

1922ರಲ್ಲಿ ಈಸ್ಟರ್ ಏಪ್ರಿಲ್ 16ಕ್ಕೆ ಬಿದ್ದಿತ್ತು. ಅದಕ್ಕೆ 11 ದಿನ ಮುಂಚೆ, ತಪಸ್ಸು ಕಾಲದ ಬುಧವಾರವೊಂದರಂದು, ಏಪ್ರಿಲ್ 5ರಂದು ರಮಾಬಾಯಿ ಮುಕ್ತಿಯಲ್ಲೇ ಕಣ್ಣು ಮುಚ್ಚಿದರು. ಅಚ್ಚಿನ ಕೆಲಸ ನಿಲ್ಲಲಿಲ್ಲ. ಮುಕ್ತಿಯ ಹೆಂಗಸರೇ ಮೊಳೆ ಜೋಡಿಸಿ, ಪುಟ ಮುದ್ರಿಸಿ, 1924ರಲ್ಲಿ ಆ ಬೈಬಲ್ ಹೊರತಂದರು.